ಮನೆಮಂದಿಗೆಲ್ಲ ಪಥ್ಯ

ನಮ್ಮ ದೊಡ್ಡವ್ವನ ಔಷಧಿ ಕುಡಿದು ಮುಖ ಕಿವುಚಿದ ಒಬ್ಬ ಹೆಂಗಸನ್ನೂ ನಾನು ಈವರೆಗೆ ನೋಡಿಲ್ಲ. ಮುಖ ಕಿವುಚುವವರೆಲ್ಲ ಅವರ ಗಂಡಂದಿರು ಮತ್ತು ಅತ್ತೆಯಂದಿರು! ರೋಗ ಒಬ್ಬರಿಗೆ, ಪಥ್ಯ ಮನೆಮಂದಿಗೆಲ್ಲ ಎಂಬ ವೈದ್ಯಪದ್ಧತಿ ಲಕ್ಷ್ಮೇಶ್ವರದ ನಮ್ಮ ದೊಡ್ಡವ್ವನ ಓಣಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲಾದರೂ ಇದೆಯೇ? ಇದ್ದರೆ ನನಗೊಬ್ಬಳಿಗೇ ತಿಳಿಸಿ. ಅವಳ ಕಿವಿಗೆ ಬಿದ್ದರೆ ನೋಡಿಕೊಂಡು ಬರಲು ಅಂದೇ ಬಸ್ಸು ಹತ್ತಿಯಾಳು.

ದೊಡ್ಡವ್ವ ನನ್ನ ಅವ್ವನ ಅಕ್ಕ. ಮುಟ್ಟಿನ ಹೊಟ್ಟೆನೋವು, ಬಿಳಿ ಸೆರಗು, ಬಾಣಂತಿಯ ಸೊಂಟನೋವು, ಹಾಲು ಸಾಲದ ತಾಯಿ, ಇಷ್ಟು ಅವಳ ಇಲಾಖೆ. ಇದರಾಚೆಗಿನ ಯಾವ ಅರ್ಜಿಯನ್ನೂ ಅವಳು ಸ್ವೀಕರಿಸುವುದಿಲ್ಲ. ಒಮ್ಮೆ ಅವಳ ಗಂಡ, ನಮ್ಮ ದೊಡ್ಡಪ್ಪನೇ ಹಲ್ಲುನೋವೆಂದು ಗಲ್ಲ ಹಿಡಿದುಕೊಂಡು ಬಂದರೆ, "ನಿಮಗೇನ ಮುಟ್ಟು ನಿಂತೈತೇನ್ರಿ? ದವಾಖಾನಿಗೆ ನಡೀರಿ!" ಎಂದು ಕಳಿಸಿದಳು. ರಜೆ ಸಿಕ್ಕಾಗಲೆಲ್ಲ ಗದಗಿನಿಂದ ಅವಳ ಮನೆಗೆ ಹೋಗುವ ನಾನು ದಿನಚರಿಯಲ್ಲಿ ಎರಡು ಕಾಲಂ ಹಾಕಿಟ್ಟಿದ್ದೇನೆ: ಔಷಧಿಗೆ ಬಂದ ಹೆಂಗಸರು, ಬೈಸಿಕೊಂಡ ಗಂಡಸರು. ಕಳೆದ ಶ್ರಾವಣದಲ್ಲಿ ಎರಡನೆಯ ಕಾಲಂ ಮೊದಲನೆಯದನ್ನು ಹಿಂದೆ ಹಾಕಿತು!

ಹೇಗೆ ಎನ್ನುತ್ತೀರಾ? ಒಬ್ಬನ ಕಥೆ ಕೇಳಿ, ಸಾಕು. ಮುಂಡರಗಿಯಿಂದ ಒಬ್ಬ ಶೇಂಗಾ ವ್ಯಾಪಾರಿ ಹೆಂಡತಿಯನ್ನು ಕರೆತಂದಿದ್ದ. ಅವಳನ್ನು ಒಳಗೆ ಕಳಿಸಿ ತಾನು ಹೊರಗೆ ಬೈಕಿನ ಮೇಲೆ ಕೂತು ಮೊಬೈಲು ನೋಡುತ್ತಿದ್ದ. ದೊಡ್ಡವ್ವ ಅವನನ್ನು ಒಳಗೆ ಕರೆಸಿದಳು.

"ನಿಮ್ಮಾಕಿಗೆ ಹೋದ ತಿಂಗಳು ಮುಟ್ಟು ಯಾವಾಗ ಬಂದಿತ್ರಿ?"

ಪಡಸಾಲೆಯ ತುಂಬ ಹೆಂಗಸರು. ವ್ಯಾಪಾರಿ ಗೋಡೆ ಒಡೆದು ಹೊರಗೆ ಹೋಗುವ ದಾರಿ ಹುಡುಕಿದ. "ಅದೆಲ್ಲ ನನಗ ಹೆಂಗ ಗೊತ್ತಾಗ್ಬೇಕ್ರಿ?"

"ಆತು, ಬಿಡ್ರಿ. ನಿಮ್ಮ ಟ್ರ್ಯಾಕ್ಟರ್ ಸರ್ವಿಸ್ಸು ಎಂದು?"

"ಬರೂ ಗುರುವಾರ್ರಿ," ಉಸಿರು ಬಿಡುವಷ್ಟರಲ್ಲಿ ಉತ್ತರ ಬಂತು.

"ಕಬ್ಬಿಣದ್ದು ಬಾಯಿಪಾಠ ಐತಿ! ಇಕಿ ಜೀವಾ ಹಿಡಕೊಂಡು ನಿಮ್ಮ ಮುಂದ ಓಡ್ಯಾಡತಾಳ, ಇಕೀದು ಗೊತ್ತಿಲ್ಲ. ಎರಡು ತಿಂಗಳು ನೀವ ತಾರೀಖು ಬರದಿಟ್ಟು ತರ್ರಿ. ಆಮ್ಯಾಲ ಔಷಧ."

ತಂದ ಕಣ್ರೀ! ಅದೂ ಅಂಗಡಿಯ ಕ್ಯಾಲೆಂಡರನ್ನೇ ಸುರುಳಿ ಸುತ್ತಿ.

ಗಿಡಗಳ ವಿಷಯದಲ್ಲಿ ಅವಳ ನಡವಳಿಕೆ ಇನ್ನೂ ವಿಚಿತ್ರ. ಶತಾವರಿಗೆ ನಮ್ಮ ಕಡೆ 'ಹಲವು ಮಕ್ಕಳ ತಾಯಿ' ಎನ್ನುತ್ತಾರಲ್ಲ, ಅದನ್ನು ಹಿತ್ತಲಿನ ಹಳೆಯ ಎಣ್ಣೆ ಡಬ್ಬಿಗಳಲ್ಲಿ ಬೆಳೆಸಿಕೊಂಡಿದ್ದಾಳೆ. ಆದರೂ ವರ್ಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಕಪ್ಪತಗುಡ್ಡಕ್ಕೆ ಹೋಗಲೇಬೇಕು. ಒಮ್ಮೆ ನಾನೂ ಚೀಲ ಹಿಡಿದು ಹೋದೆ. ಬೆಳಗಿನಿಂದ ಸಂಜೆವರೆಗೆ ಬೆಟ್ಟ ಸುತ್ತಿ, ಪ್ರತಿ ಬಳ್ಳಿಯ ಮುಂದೆ ನಿಂತು ಮಾತಾಡಿಸಿ, ಖಾಲಿ ಚೀಲದೊಂದಿಗೆ ಇಳಿದಳು.

"ಏನೂ ಅಗೀಲೇ ಇಲ್ಲಲ್ಲ ದೊಡ್ಡವ್ವ?"

"ನಮ್ಮ ಹಿತ್ತಲದಾಗಿನ ಗಿಡಕ್ಕ ಇದು ತವರುಮನಿ. ತವರಿಗೆ ಹೋದೋರು ಮನಿ ಅಗದು ತರತಾರೇನಲೇ? ಎಲ್ಲಾರೂ ಆರಾಮ ಅದಾರೋ ಇಲ್ಲೋ ನೋಡ್ಕೊಂಡು ಬರತಾರ."

ಹೀಗೆ ನಗುತ್ತ ಬರೆಯುತ್ತಿದ್ದೇನೆ. ಆದರೆ ಕಳೆದ ವರ್ಷ ನಮ್ಮ ಮನೆಯಲ್ಲಿ ಯಾರೂ ನಗುವ ಸ್ಥಿತಿಯಲ್ಲಿ ಇರಲಿಲ್ಲ. ಬೆಟಗೇರಿಗೆ ಕೊಟ್ಟಿರುವ ನನ್ನ ಅಕ್ಕನಿಗೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಇಳಿದುಹೋಯಿತು. ಎರಡನೆಯದರ ನಂತರ ಅವಳು ಫೋನಿನಲ್ಲಿ 'ಹೂಂ' ಬಿಟ್ಟರೆ ಬೇರೆ ಮಾತಾಡುತ್ತಿರಲಿಲ್ಲ. ಅಷ್ಟರಲ್ಲಿ, ಅವಳ ಅತ್ತೆ, ಮಗನಿಗೆ ಎರಡನೆಯ ಮದುವೆ ಮಾಡಲು ಹೊಂಬಳದಲ್ಲಿ ಇನ್ನೊಂದು ಹುಡುಗಿಯನ್ನು ನೋಡಿ ಬಂದಿದ್ದಾರೆ ಎಂಬ ಸುದ್ದಿ ತಲುಪಿತು. ಅವ್ವ ಅನ್ನ ಬಿಟ್ಟಳು. ದೊಡ್ಡವ್ವ ಮಾತ್ರ ಬೀಗತಿಗೆ ಫೋನು ಮಾಡಿ, "ಸೊಸೀನ ಕರಕೊಂಡು ಬರ್ರಿ, ಔಷಧ ಕೊಡತೀನಿ" ಎಂದಳು.

ಅಕ್ಕನ ಅತ್ತೆ ಕಾರಿನಿಂದ ಇಳಿದವರೇ, "ಮೂರು ತಿಂಗಳು ನೋಡತೀನ್ರಿ. ಆಮ್ಯಾಲ ನಮ್ಮ ದಾರಿ ನಮಗ" ಎಂದರು. ಅಕ್ಕ ನೆಲ ನೋಡುತ್ತ ನಿಂತಿದ್ದಳು.

"ಆತು. ಮೊದಲ ಪಥ್ಯ ಕೇಳ್ರಿ," ಎಂದಳು ದೊಡ್ಡವ್ವ.

"ಹೇಳ್ರಿ. ಇಕಿ ಉಪ್ಪು ಬಿಡಬೇಕೋ, ಹುಳಿ ಬಿಡಬೇಕೋ?"

"ಅಕಿ ಏನೂ ಬಿಡೂದು ಬ್ಯಾಡ. ಬಿಡೋರು ನೀವು. ಹೊಂಬಳದ ಸುದ್ದಿ ಬಿಡಬೇಕು. ಆ ಊರಿನ ಹೆಸರು ಕಿವಿಗೆ ಬಿದ್ದರ ನನ್ನ ಔಷಧ ಕೆಟ್ಟು ಹೋಗತೈತಿ."

ದೊಡ್ಡವ್ವ ಎರಡನೆಯ ಬೆರಳು ಮಡಿಚಿದಳು.

"ಎರಡನೇದ್ದು, ಗಂಡಾ ಹೆಂಡ್ತಿ ಇಬ್ಬರೂ ಗದಗಿಗೆ ಹೋಗಿ ಡಾಕ್ಟರ ಕಡೆ ತಪಾಸ ಮಾಡಿಸ್ಕೋಬೇಕು."

"ನನ್ನ ಮಗಗ ಏನಾಗೇತ್ರಿ? ಕಲ್ಲಿನಂಗ ಅದಾನ!"

"ಕಲ್ಲಿಗೆ ಮಕ್ಕಳಾಗೂದಿಲ್ರಿ ಬೀಗತಿ."

ನಾನು ಅಡುಗೆಮನೆಗೆ ಓಡಿ ಸೆರಗಿಲ್ಲದ್ದಕ್ಕೆ ಓಢಣಿಯನ್ನೇ ಬಾಯಿಗೆ ತುರುಕಿಕೊಂಡೆ.

"ಮೂರನೇದ್ದು, ದಿನಾ ಸಂಜೀಕ ನಾ ಕೊಡೂ ಎಣ್ಣಿ ಹಚ್ಚಿ ನೀವ ನಿಮ್ಮ ಕೈಯಾರೆ ಅಕಿ ತಲಿ ಬಾಚಬೇಕು."

"ನಾನಾ? ಮನ್ಯಾಗ ಆಳು ಅದಾರಲ್ರಿ!"

"ಆಳಿನ ಕೈಗೆ ಈ ಎಣ್ಣಿ ಹತ್ತೂದಿಲ್ಲ."

ಅವರು ಹೋದ ಮೇಲೆ, ಆ ಎಣ್ಣೆಯಲ್ಲಿ ಯಾವ ಬೇರು ಹಾಕಿದ್ದೀ ಎಂದು ಕೇಳಿದೆ.

"ಕೊಬ್ರಿ ಎಣ್ಣಿ. ಅಂಗಡೀದು."

"ಮತ್ತೇನೂ ಇಲ್ಲ?"

"ಡಾಕ್ಟರ ಗುಳಿಗಿ ಕೊಡೂ ಮುಂದ ನಾ ಬೇರು ತುರುಕಬಾರದಲೇ. ಅದಕ್ಕ ಮೈಗೆ ಬಲ ಬರಲಿ ಅಂತ ಅಂಟಿನ ಉಂಡಿ ಅಷ್ಟ ಕಟ್ಟಿ ಕೊಟ್ಟೇನಿ. ಆ ಹುಡುಗಿ ಮೈಗೆ ಎರಡು ವರ್ಷದಿಂದ ಒಂದು ಕೈ ಹತ್ತಿಲ್ಲ. ನೋಡಿದ್ರ ತಿಳಿಯೂದಿಲ್ಲೇನು?"

ಮೊದಲ ವಾರ ಬೀಗತಿಯ ದೂರು ದಿನವೂ ಬಂತು. "ನಿಮ್ಮ ಔಷಧದಿಂದ ನನ್ನ ಕೈ ಬೆರಳು ಹಿಡಕೊಂಡಾವ್ರಿ!" ದೊಡ್ಡವ್ವ ಸಂತೋಷದಿಂದ, "ಹಂಗಾರ ಔಷಧ ಹತ್ತಾಕತ್ತೈತಿ ಅಂತಾತು!" ಎಂದಳು. ಎರಡನೆಯ ವಾರ ದೂರು ಕಡಿಮೆಯಾಯಿತು. ಆಮೇಲೆ ಫೋನೇ ನಿಂತಿತು. ಗದಗಿನ ಡಾಕ್ಟರು ಅಕ್ಕನಿಗೆ ಥೈರಾಯ್ಡ್ ಇದೆ, ರಕ್ತವೂ ಕಡಿಮೆ, ಅವಸರ ಬೇಡ ಎಂದು ಗುಳಿಗೆ ಬರೆದುಕೊಟ್ಟರಂತೆ. ಅವಸರ ಬೇಡ ಎಂದು ಡಾಕ್ಟರು ಹೇಳಿದರು ಸರಿ, ಮೂರು ತಿಂಗಳ ಗಡುವು ಕೊಟ್ಟವರು ಕೇಳಬೇಕಲ್ಲ!

ಗಡುವು ಮುಗಿಯಿತು. ಅಕ್ಕ ಬಸಿರಾಗಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ನಾನು ದೊಡ್ಡವ್ವನ ಮನೆಯಲ್ಲೇ ಇದ್ದೆ. ಬೀಗತಿ ಬಂದರು. ಕಾರಿಲ್ಲ, ಜೊತೆಗೆ ಅಕ್ಕನಿಲ್ಲ. ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ನೀರು ಕೊಟ್ಟರೆ ಲೋಟ ಹಿಡಿದುಕೊಂಡರೇ ಹೊರತು ಕುಡಿಯಲಿಲ್ಲ.

"ಮೂರು ತಿಂಗಳಾತ್ರಿ," ಎಂದರು.

"ಹೂಂನ್ರಿ."

"ಏನೂ ಆಗಲಿಲ್ಲ."

ದೊಡ್ಡವ್ವ ಮಣೆ ಸರಿಸಿಕೊಂಡು ಅವರ ಹತ್ತಿರ ಕೂತಳು.

"ಹೊಂಬಳದವರಿಗೆ ಬ್ಯಾರೆ ಕಡೆ ನೋಡ್ಕೋರಿ ಅಂತ ನಿನ್ನೆ ಹೇಳಿ ಕಳಿಸೇನ್ರಿ." ಅವರು ಲೋಟವನ್ನು ಕೆಳಗಿಟ್ಟರು. "ಅದಕ್ಕ ಬಂದಿಲ್ಲ ನಾನು. ಪಥ್ಯ ಇನ್ನಾ ಮುಗದಿಲ್ಲ ಅಂತ ನಿಮ್ಮ ಬಾಯಿಂದ ಅಕಿಗೆ ಒಂದು ಮಾತು ಹೇಳ್ರಿ. ಮುಗೀತು ಅಂದ್ರ ಸಂಜೀಕ ತಲಿ ಬಾಚಾಕ ಅಕೀನ ಏನಂತ ಕರೀಲಿ ನಾ?"

ಆಮೇಲೆ ಅವರು ಬಾಗಿಲ ಕಡೆ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದರು, "ನನ್ನ ಮಗಾ ಹುಟ್ಟೂಕಿಂತ ಮೊದಲ ನನಗೂ ಒಂದು ಬಸಿರು ಹೋಗಿತ್ರಿ. ಮರುದಿನಾನ ನೀರು ಹೊತ್ತೇನಿ. ಹೆಂಗದೀ ಅಂತ ಒಬ್ಬರೂ ಕೇಳಲಿಲ್ಲ. ಇಕಿ ತಲಿ ಬಾಚೂ ಮುಂದ ನೆನಪಾತು."

ದೊಡ್ಡವ್ವ ಎದ್ದಳು. ಒಳಗಿನಿಂದ ಎಣ್ಣೆಯ ಬಟ್ಟಲು ತಂದು ಬೀಗತಿಯ ಬೆನ್ನ ಹಿಂದೆ ಕೂತು, ಅವರ ನರೆತ ತುರುಬನ್ನು ಬಿಚ್ಚಿದಳು.

"ಅಯ್ಯ, ನನಗ್ಯಾಕ್ರಿ ಈಗ, ಈ ವಯಸ್ಸಿನ್ಯಾಗ?"

"ಸುಮ್ಮ ಕುಂಡ್ರಿ."

ಅವರು ಕೂತರು. ಹೊರಗೆ ಬೀಗತಿ ವಾಪಸು ಹೋಗಬೇಕಿದ್ದ ಗದಗಿನ ಬಸ್ಸು ಹಾರ್ನ್ ಹೊಡೆದು ಹೋಯಿತು. ಇಬ್ಬರೂ ಏಳಲಿಲ್ಲ.