ಹವಾ ಒಗ್ಗಲಿಲ್ಲ

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಒಂದು ವಿಚಿತ್ರ ಜಂಬವಿದೆ. ಊರಿನ ಹವಾಮಾನವನ್ನು ತಾವೇ ಖುದ್ದಾಗಿ ಮುಂದೆ ನಿಂತು ಮಾಡಿಸಿದ್ದು ಎಂಬಂತೆ ಮಾತಾಡುತ್ತಾರೆ. 'ನಮ್ಮನೇಲಿ ಫ್ಯಾನೇ ಇರಲಿಲ್ಲ ಕಣ್ರೀ' ಎನ್ನುವಾಗ ಅವರ ಮುಖಕ್ಕೆ ಬರುವ ಕಳೆ, ಮಗಳು ರ‍್ಯಾಂಕ್ ಬಂದ ದಿನ ಅಪ್ಪನ ಮುಖಕ್ಕೂ ಬರುವುದಿಲ್ಲ. ನಾನೂ ಆ ಪೈಕಿಯವನೇ. ನಮ್ಮ ಮನೆಯಲ್ಲಿ ಫ್ಯಾನ್ ಇರಲಿಲ್ಲವೆಂಬ ಸುದ್ದಿಯನ್ನು ಆಸ್ಟ್ರೇಲಿಯಾದ ಮೂರು ಊರುಗಳಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ಈಚೆಗೆ, ಆ ಮನೆಯಲ್ಲೇ ನಡೆದ ನನ್ನ ಮುಂಜಿಯ ಫೋಟೋ ಒಂದು ಸಿಕ್ಕಿತು. ಬೋಳು ತಲೆಯ ನೇರ ಮೇಲೆ ಮೂರು ರೆಕ್ಕೆಯ ಫ್ಯಾನ್ ತಿರುಗುತ್ತಿದೆ. ಫೋಟೋ ನಂಬುವುದೋ ನನ್ನನ್ನು ನಂಬುವುದೋ ಎಂಬ ಪ್ರಶ್ನೆ ಬಂತು. ಇಷ್ಟು ವರ್ಷದ ಪರಿಚಯ, ನನ್ನನ್ನೇ ನಂಬಿದೆ.

ಪರ್ತ್‌ಗೆ ಬಂದದ್ದು ಗಣಿ ಕಂಪನಿಗಳಿಗೆ ಸುಗ್ಗಿಯಿದ್ದ ಕಾಲದಲ್ಲಿ. ಎರಡು ಸಾವಿರದ ಹನ್ನೆರಡೋ ಹದಿಮೂರೋ ಇರಬೇಕು. ನನ್ನ ಹೆಂಡತಿ ವಸುಧಾ ಹನ್ನೆರಡು ಎನ್ನುತ್ತಾಳೆ, ಆದ್ದರಿಂದ ಹನ್ನೆರಡು. ಒಳ್ಳೆಯ ಹೈಸ್ಕೂಲಿದೆ ಎಂದು ನಮ್ಮ ಜನರೆಲ್ಲ ವಿಲೆಟನ್ ಬಡಾವಣೆಗೇ ಮುಗಿಬೀಳುತ್ತಿದ್ದರು. ಮಗಳು ನಿಧಿ ಇನ್ನೂ ಮೂಗು ಸುರಿಸಿಕೊಂಡು ಎರಡನೇ ಕ್ಲಾಸಿನಲ್ಲಿದ್ದರೂ ನಾವೂ ಹೋಗಿ ಬಿದ್ದೆವು. ಮೊದಲ ಜನವರಿಯಲ್ಲಿ ಒಂದು ದಿನ ಬಿಸಿಲು ನಲವತ್ತೆರಡಕ್ಕೆ ಏರಿತು. ಸೆಕೆಯಾದರೆ ಕಿಟಕಿ ತೆಗೆಯಬೇಕು. ಇದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ನಡುಮಧ್ಯಾಹ್ನ ಮನೆಯ ಎಲ್ಲ ಕಿಟಕಿ, ಮುಂಬಾಗಿಲು, ಹಿತ್ತಿಲ ಬಾಗಿಲು ತೆಗೆದು 'ಗಾಳಿ ಆಡಲಿ' ಎಂದೆ. ಮರುಭೂಮಿಯ ಕಡೆಯಿಂದ ಹೊರಟ ಗಾಳಿಗೆ ಆ ಬೀದಿಯಲ್ಲಿ ಆಹ್ವಾನ ಕೊಟ್ಟವನು ನಾನೊಬ್ಬನೇ. ಸಂಸಾರ ಸಮೇತ ಬಂತು. ಸ್ವಲ್ಪ ಹೊತ್ತಿಗೆ ಸ್ಟೀಲ್ ಲೋಟ ಮುಟ್ಟುವಂತಿರಲಿಲ್ಲ, ದೇವರ ಮುಂದಿನ ಹೂವು ಹಪ್ಪಳವಾಗಿತ್ತು. ಪಕ್ಕದ ಮನೆಯ ಮುದುಕ ರಾನ್ ಬೇಲಿಯಾಚೆಯಿಂದ ನೋಡಿ, 'ಮುಚ್ಚಯ್ಯಾ ಎಲ್ಲ, ಬ್ರೆಡ್ ಸುಡ್ತಿದ್ದೀಯಾ?' ಎಂದು ಕೇಳಿದ. ಅವನೋ, ಬೆಳಗ್ಗೆಯೇ ಮನೆಯನ್ನೆಲ್ಲ ಮುಚ್ಚಿ, ಪರದೆಯೆಳೆದು, ಕತ್ತಲಲ್ಲಿ ಬಾವಲಿಯಂತೆ ಕೂತಿದ್ದ. ನಮ್ಮಲ್ಲಿ ಹಾಡಹಗಲು ಹಾಗೆ ಬಾಗಿಲು ಮುಚ್ಚಿಕೊಂಡರೆ ಅಕ್ಕಪಕ್ಕದವರು ಮೆಲ್ಲಗೆ ಒಳಗೆ ಬಂದು 'ಯಾವಾಗ ಹೋದ್ರು?' ಎಂದು ಕೇಳುತ್ತಾರೆ.

ಪರ್ತ್‌ನ ಚಳಿಗಾಲದ ಬಗ್ಗೆ ಮಾತ್ರ ನನಗೆ ದೂರಿಲ್ಲ. ಮನೆಗೆ ಹೀಟರ್ ಇರಲಿಲ್ಲ, ನಿಜ. ಈ ದೇಶದಲ್ಲಿ ಮನೆ ಕಟ್ಟುವವರಿಗೆ ಚಳಿಗಾಲ ಪ್ರತಿ ವರ್ಷ ಬರುತ್ತದೆಂಬ ವಿಷಯವನ್ನು ಯಾರೂ ತಿಳಿಸಿಲ್ಲ. ಹೊರಗಿಗಿಂತ ಒಳಗೆ ಹೆಚ್ಚು ಚಳಿಯಿರುವ ಮನೆಯನ್ನು ನಾನು ನೋಡಿದ್ದು ಇಲ್ಲೇ. ಆದರೂ ಬೆಳಗಿನ ಎಳೆಬಿಸಿಲು, ಕೈಯಲ್ಲಿ ಕಾಫಿ, ಥೇಟ್ ಬಸವನಗುಡಿ. ಹೀಗೆಂದು ನನ್ನ ನೆನಪು. ಈ ನೆನಪನ್ನು ಕಟಕಟೆಗೆ ಹತ್ತಿಸುವ ಪ್ರಸಂಗ ಮುಂದೆ ಬರುತ್ತದೆ.

ಮೂರು ವರ್ಷಕ್ಕೆ ಪರ್ತ್ ಬಿಟ್ಟೆವು. ಯಾಕೆಂದು ಕೇಳಿದವರಿಗೆ 'ಹವಾ ಒಗ್ಗಲಿಲ್ಲ' ಎಂದೆ. ಅದೇ ತಿಂಗಳು ಗಣಿಯ ಸುಗ್ಗಿ ಮುಗಿದು ನಮ್ಮ ವಿಭಾಗದ ಮೇಜುಗಳು ಖಾಲಿಯಾದದ್ದು, ಅವುಗಳಲ್ಲಿ ನನ್ನದೂ ಒಂದಾಗಿದ್ದದ್ದು, ಬರೀ ಕಾಕತಾಳೀಯ. ಬ್ರಿಸ್ಬೇನ್‌ನಲ್ಲಿ ಬಿಸಿಲು ಅಷ್ಟಿಲ್ಲ ಎಂದು ಯಾರೋ ಹೇಳಿದ್ದರು. ನಿಜ, ಅಲ್ಲಿರುವುದು ಬಿಸಿಲಲ್ಲ, ಹಬೆ. ಇಡ್ಲಿ ಪಾತ್ರೆಯೊಳಗೆ ಇಡ್ಲಿಗೆ ಏನನ್ನಿಸುತ್ತದೆ ಎಂಬುದು ನನಗೆ ಈಗ ಗೊತ್ತು. ಉಪ್ಪು ಡಬ್ಬಿಯಲ್ಲೇ ನೀರಾಯಿತು. ಆಫೀಸು ಮುಗಿಸಿ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಫ್ರೀಜರಿನ ಬಾಗಿಲು ತೆಗೆದು, ಬಟಾಣಿ ಆರಿಸುವವನಂತೆ ತಲೆಯಿಟ್ಟು ನಿಲ್ಲುತ್ತಿದ್ದೆ. ಬಟಾಣಿಯಲ್ಲಿ ಆರಿಸಲು ಏನಿದೆ ಎಂದು ಅಲ್ಲಿನ ಹುಡುಗಿಗೆ ಅನುಮಾನ ಬಂದಿತ್ತು. ಹಾಗೆ ನಿಂತಿದ್ದಾಗಲೇ ಒಂದು ದಿನ ವಿಲ್ಫ್ರೆಡ್ ಅಂಕಲ್ ಸಿಕ್ಕರು. ಉಡುಪಿ ಕಡೆಯವರು, ಇಪ್ಪತ್ತು ವರ್ಷ ಮಸ್ಕತ್‌ನಲ್ಲಿದ್ದು ಬಂದವರು.

'ಇದೆಂಥ ಸೆಕೆ ಮಾರಾಯ್ರೆ,' ಎಂದರು. 'ಮಸ್ಕತ್‌ನಲ್ಲಿ ನಲ್ಲಿ ನೀರಿಗೆ ಚಾಪುಡಿ ಹಾಕಿದ್ರೆ ಆಯ್ತು, ಒಲೆ ಯಾರಿಗೆ ಬೇಕು? ನೀವು ಬೆಂಗಳೂರಿನವರು ಬೆಣ್ಣೆಯ ಹಾಗೆ. ಫ್ರಿಜ್ಜಿನ ಹೊರಗೆ ಇಡ್ಲಿಕ್ಕೆ ಆಗುದಿಲ್ಲ.'

ಜಗತ್ತಿನಲ್ಲಿ ಎರಡು ಬಗೆಯ ಜನರನ್ನು ನಾನು ಸಹಿಸಲಾರೆ: ತಮ್ಮೂರಿನ ತಂಪು ಕೊಚ್ಚಿಕೊಳ್ಳುವವರು, ತಾವು ತಿಂದ ಸೆಕೆ ಕೊಚ್ಚಿಕೊಳ್ಳುವವರು. ಮೊದಲ ಬಗೆಯವರ ಜೊತೆ ಮನೆಯಲ್ಲಿ ನಾನು ಹೇಗೋ ಇದ್ದೇನೆ, ಕನ್ನಡಿ ನೋಡುವುದನ್ನು ಕಡಿಮೆ ಮಾಡಿ. ಎರಡನೆಯವರಿಂದ ತಪ್ಪಿಸಿಕೊಳ್ಳಲು ಊರು ಬಿಡುವುದೊಂದೇ ದಾರಿ. ಬಿಟ್ಟೆವು. ಬ್ರಿಸ್ಬೇನ್ ಹವಾನೂ ಒಗ್ಗಲಿಲ್ಲ ಎಂದೆ. ನನ್ನ ಕಂಟ್ರ್ಯಾಕ್ಟನ್ನು ಅವರು ಮುಂದುವರಿಸಲಿಲ್ಲ ಎಂಬುದು ಬೇರೆ ಮಾತು.

ಅಡಿಲೇಡ್‌ಗೆ ಬಂದ ಮೇಲೆ ಗೊತ್ತಾಯಿತು, ಈ ಊರು ಬೇರೆ ಊರುಗಳಂತೆ ಜಿಪುಣ ಅಲ್ಲ. ಬೇಸಿಗೆಯಲ್ಲಿ ಪರ್ತ್‌ನ ಒಲೆ, ಚಳಿಗಾಲದಲ್ಲಿ ಅದರದ್ದೇ ಸ್ವಂತ ಐಸು, ಎರಡೂ ಒಂದೇ ಬಾಡಿಗೆಗೆ. ಸಂಕ್ರಾಂತಿಯ ದಿನ ನಲವತ್ತಮೂರು ಡಿಗ್ರಿಯಲ್ಲಿ, ಚಳಿಗೆ ಮೈ ಒಡೆಯದಿರಲಿ ಎಂದು ಎಳ್ಳುಬೆಲ್ಲ ತಿನ್ನುವ ಭಾಗ್ಯ ನಮ್ಮದು. ಜುಲೈನಲ್ಲಿ ಗ್ಲೆನೆಲ್ಗ್ ಬೀಚಿನಲ್ಲಿ ಸಮುದ್ರದ ಮೇಲಿಂದ ನೇರ ದಕ್ಷಿಣ ಧ್ರುವದ ಗಾಳಿ; ನಡುವೆ ಒಂದು ಕಾಂಪೌಂಡ್ ಗೋಡೆಯೂ ಇಲ್ಲ. ನಾನು ಮಂಕಿ ಟೋಪಿ ಹಾಕಿ ಟ್ರ್ಯಾಮಿಗೆ ಕಾಯುವಾಗ ಇಲ್ಲಿನವರು ಚಡ್ಡಿಯಲ್ಲಿ ಐಸ್‌ಕ್ರೀಮ್ ನೆಕ್ಕುತ್ತಾ ಹೋಗುತ್ತಾರೆ. ಅವರನ್ನು ಶೂರರೆನ್ನಲು ನಾನು ಸಿದ್ಧನಿಲ್ಲ. ತೊಗಲಿಗೂ ಮಿದುಳಿಗೂ ನಡುವಿನ ತಂತಿ ಎಲ್ಲೋ ಕಡಿದಿದೆ, ಅಷ್ಟೆ.

ಆದರೆ ಈ ಊರಿನಲ್ಲಿ ಬೇರೇನೋ ಆಯಿತು. ಪರೀಕ್ಷೆಯ ಮೇಲೆ ಪರೀಕ್ಷೆ ಕಟ್ಟಿದ್ದ ವಸುಧಾಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಖಾಯಂ ಕೆಲಸ ಸಿಕ್ಕಿತು. ನಿಧಿ ಹೊಸ ಶಾಲೆಯಲ್ಲಿ ಎರಡು ವರ್ಷ ಕಳೆದು, ಮೊದಲ ಸಲ ಮನೆಗೆ ಗೆಳತಿಯರನ್ನು ಕರೆತರುವಷ್ಟು ಬೇರು ಬಿಟ್ಟಳು. ನಾನು ಪೈಪು ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ನಕ್ಷೆ ಬಿಡಿಸುತ್ತಿದ್ದೆ; ನಾನು ಡಿಪ್ಲೊಮಾ ಮುಗಿಸಿದಾಗ ಇನ್ನೂ ಹಾಲುಹಲ್ಲಿದ್ದ ಹುಡುಗನೊಬ್ಬ ಅವನ್ನು ತಿದ್ದುತ್ತಿದ್ದ. ಅಷ್ಟರಲ್ಲಿ ಪರ್ತ್‌ನ ಹಳೇ ಕಂಪನಿಯಿಂದ ಫೋನು. ಗಣಿ ಮತ್ತೆ ಚಿಗುರುತ್ತಿದೆ, ನನ್ನ ಹಳೇ ಹುದ್ದೆ ಕಾಯುತ್ತಿದೆ, ಶುಕ್ರವಾರದೊಳಗೆ ಹೇಳಬೇಕು. ರಾತ್ರಿ ಊಟಕ್ಕೆ ಕೂತಾಗ ಮಾತು ಶುರು ಮಾಡಿದೆ.

'ಈ ಊರಿನ ಚಳಿ ಮೂಳೆಗೇ ಇಳಿದುಬಿಟ್ಟಿದೆ.'

'ಎಲ್ಲಿಗೆ?' ಎಂದಳು ವಸುಧಾ. ಅವಳಿಗೆ ಪೀಠಿಕೆ ಬೇಕಿಲ್ಲ.

'ಪರ್ತ್. ನನ್ನ ಹಳೇ ಪೋಸ್ಟಿಗೇ ಕರೀತಿದ್ದಾರೆ. ಅಲ್ಲಿ ಚಳಿಗಾಲ ಎಷ್ಟು ಚೆನ್ನಾಗಿತ್ತು, ನೆನಪಿದ್ಯಾ? ಬೆಳಗ್ಗೆ ಹೊರಗೆ ಬಿಸಿಲಲ್ಲಿ ಕೂತು ಕಾಫಿ ಕುಡೀತಿದ್ವಿ.'

'ಹೊರಗೆ ಕೂತಿದ್ದು ನಿಜ. ಕಾರಿನಲ್ಲಿ.'

'ಯಾವ ಕಾರು?'

'ನಮ್ಮ ಕಾರು. ಮನೆ ಮುಂದೆ ನಿಲ್ಲಿಸಿ, ಹೀಟರ್ ಹಾಕ್ಕೊಂಡು. ನಾನು ಫ್ಲಾಸ್ಕಲ್ಲಿ ಕಾಫಿ ತಂದು ಕಿಟಕಿಯಿಂದ ಕೊಡ್ತಿದ್ದೆ. ಹೆಂಡ್ತಿ ಹೊರಗೆ ಹಾಕಿದ್ದಾಳೆ ಅಂತ ಪಾಪ ಆ ರಾನ್ ಬಂದು ಗಾಜು ತಟ್ಟಿ, ನಮ್ಮನೆ ಸೋಫಾ ಖಾಲಿ ಇದೆ ಅಂದ. ನನ್ನ ಮುಖ ನೋಡೋದನ್ನೇ ಬಿಟ್ಟಿದ್ದ ಆಮೇಲೆ.'

ನಾನು ನ್ಯಾಯಕ್ಕಾಗಿ ಮಗಳ ಕಡೆ ನೋಡಿದೆ. ಕನ್ನಡ ಎಲ್ಲ ಅರ್ಥವಾಗುವ, ಒಂದಕ್ಷರ ಆಡದ ಹುಡುಗಿ. 'ಡ್ಯಾಡ್, ಐ ಡಿಡ್ ಮೈ ಸ್ಪೆಲಿಂಗ್ಸ್ ಇನ್ ದಟ್ ಕಾರ್,' ಎಂದಳು. 'ಯು ಕಾಲ್ಡ್ ಇಟ್ ದ ಸ್ಟಡಿ ರೂಮ್.'

ಕಾರು ನನಗೆ ನೆನಪಿದೆ. ಅದರಲ್ಲಿ ಕೂತದ್ದು ನೆನಪಿಲ್ಲ. ಎರಡು ಸಾಕ್ಷಿಗಳ ಮುಂದೆ ಎಳೆಬಿಸಿಲು ಒಂಟಿಯಾಯಿತು.

'ನಾನು ಬರಲ್ಲ,' ಎಂದಳು ವಸುಧಾ. ಸಿಟ್ಟಿರಲಿಲ್ಲ, ಸಾರಿಗೆ ಉಪ್ಪು ಸರಿಯಿದೆ ಎನ್ನುವ ದನಿ. 'ನೀವು ಹೋಗೋದಾದ್ರೆ ಹೋಗಿ, ರಜಕ್ಕೆ ಬರ್ತೀವಿ. ಇನ್ನೊಂದು ಸಲ ಪಾತ್ರೆಗಳನ್ನ ಪೇಪರಲ್ಲಿ ಸುತ್ತೋಕೆ ನನ್ನ ಕೈಲಾಗಲ್ಲ.'

'ಹವಾ ಒಗ್ಗದಿದ್ರೆ ಮನುಷ್ಯ ಏನು ಮಾಡ್ಬೇಕು?'

'ಹವಾ ಏನು ಮಾಡಿದೆ ಪಾಪ. ಕೆಲಸ ಹೋದಾಗ ಹವಾ. ಕಂಟ್ರ್ಯಾಕ್ಟ್ ಮುಗಿದಾಗ ಹವಾ. ಈಗ ಆ ಹುಡುಗ ನಿಮ್ಮ ಡ್ರಾಯಿಂಗ್ ತಿದ್ದಿದ್ರೂ ಹವಾ. ಅದು ತಿರುಗಿ ಮಾತಾಡಲ್ಲ ಅಂತ ತಾನೆ?'

ಇಂಥ ಮಾತಿಗೆ ಗಂಡಸಾದವನು ಕೊಡಬಹುದಾದ ಉತ್ತರ ಒಂದೇ: ಮಜ್ಜಿಗೆ ಕೇಳುವುದು. ಕೇಳಿದೆ. ಬಡಿಸಿದಳು.

ಶುಕ್ರವಾರ ಮಧ್ಯಾಹ್ನ ಆಫೀಸಿನ ಹಿಂದಿನ ಪಾರ್ಕಿಂಗಿನಲ್ಲಿ ನಿಂತು ಪರ್ತ್‌ಗೆ ಫೋನು ಮಾಡಿ, ಬರುವುದಿಲ್ಲ ಎಂದೆ. ಯಾಕೆ ಎಂದರು. ಹಳೇ ಚಾಳಿ, ಹವಾಮಾನವೇ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿ 'ಫ್ಯಾಮಿಲಿ' ಎಂದೆ. ಹೆಂಡತಿ ಮಗಳಿಗಾಗಿ ತ್ಯಾಗ ಮಾಡಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಒಬ್ಬನೇ ಅನ್ನ ಬೇಯಿಸಿಕೊಂಡು ಒಂಟಿ ಕಾರಿನಲ್ಲಿ ಕೂರುವ ಹೆದರಿಕೆ ಎಂದು ಬರೆದರೂ ಸುಳ್ಳಾಗುವುದಿಲ್ಲ. ಎರಡರಲ್ಲಿ ಯಾವುದು ಎಂದು ನನ್ನನ್ನು ಕೇಳಬೇಡಿ. ನನ್ನ ನೆನಪು ಆಗಲೇ ಮೊದಲನೆಯದನ್ನು ಆರಿಸಿಕೊಂಡಿದೆ.

ಆದರೆ ಒಂದು ತೊಂದರೆಯನ್ನು ನಾನು ಊಹಿಸಿರಲಿಲ್ಲ. ತಾನಾಗಿ ಆರಿಸಿಕೊಂಡ ಊರನ್ನು ಬೈಯುವ ಹಕ್ಕು ಮನುಷ್ಯನಿಗಿರುವುದಿಲ್ಲ. ಊಟಕ್ಕೆ ಕೂತರೆ ಬಾಯಿಗೆ ಮಾತೇ ಬರದು. ಇಷ್ಟು ವರ್ಷ ನಮ್ಮ ಮನೆಯ ಮಾತುಕತೆಯನ್ನೆಲ್ಲ ಬಿಸಿಲು, ಚಳಿ, ಗಾಳಿಗಳೇ ಹೊತ್ತು ನಡೆಸುತ್ತಿದ್ದವೆಂದು ಆಗ ತಿಳಿಯಿತು. ನಾನು ತಟ್ಟೆ ನೋಡುತ್ತಿದ್ದೆ, ನಿಧಿ ಫೋನ್ ನೋಡುತ್ತಿದ್ದಳು, ವಸುಧಾ ನನ್ನನ್ನು ನೋಡುತ್ತಿದ್ದಳು. ಹಾಗೇ ಒಂದು ಸಂಜೆ ಸಮುದ್ರದ ಗಾಳಿ ಕಿಟಕಿಯ ಗಾಜನ್ನೆಲ್ಲ ಅಲುಗಿಸುತ್ತಿದ್ದಾಗ ಅವಳಿಗೇ ಕನಿಕರ ಬಂದಿರಬೇಕು.

'ಇವತ್ತು ಚಳಿ ಸ್ವಲ್ಪ ಜಾಸ್ತಿ ಅಲ್ವಾ?' ಎಂದಳು.

ನಿಧಿ ಫೋನ್ ಕೆಳಗಿಟ್ಟಳು. ಇಬ್ಬರೂ ಕಾದರು.

'ಚಳಿಯಾ? ಎಲ್ಲಿ?' ಎಂದೆ, ಅನ್ನದ ಮೇಲೆ ಕಲ್ಲಾಗಿ ಕೂತಿದ್ದ ತುಪ್ಪವನ್ನು ಚಮಚದಿಂದ ಒಡೆಯುತ್ತಾ.