ತುಕ್ಕಿನ ಕೊಳವೆ ಮತ್ತು ಕ್ಯಾಮೆರಾ ಭಾವ

ಬೀದಿಯ ಮೂಲೆಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಯೊಂದು ಮಹಡಿಯನ್ನೂ ಮೀರಿ ನಿಂತಿತ್ತು. ನಾಯಿಗಳನ್ನು ಬಿಟ್ಟರೆ ಅದನ್ನು ಗಮನಿಸುತ್ತಿದ್ದವನು ಒಬ್ಬನೇ, ಕನ್ನಡಕದಂಗಡಿಯ ಗುಮಾಸ್ತ. ಹೆಂಡತಿಯ ತಮ್ಮ ಕರೆದದ್ದೇ ನೆಪವಾಗಿ ಇಡೀ ಬೀದಿಗೆ ಅವನು ಕ್ಯಾಮೆರಾ ಭಾವ. ಟ್ರಾನ್ಸ್‌ಫಾರ್ಮರು, ಮ್ಯಾನ್‌ಹೋಲ್ ಮುಚ್ಚಳ, ನೀರಿನ ವಾಲ್ವು, ಹೀಗೆ ಯಾರೂ ತಿರುಗಿ ನೋಡದವುಗಳ ಫೋಟೋ ತೆಗೆಯುವುದು ಅವನ ಹುಚ್ಚು. ಹೆಂಡತಿಯ ಫೋಟೋ ತೆಗೆದು ಎಷ್ಟು ಕಾಲವಾಯಿತೆಂದು ಅವಳನ್ನೇ ಕೇಳಬೇಕು.

ಆ ಕೊಳವೆಯ ತುಕ್ಕಿನ ಮೇಲೆ ಸಂಜೆ ಬಿಸಿಲು ಬೀಳುವ ಚಿತ್ರವನ್ನು ಅವನು ಪ್ರದರ್ಶನವೊಂದಕ್ಕೆ ಕಳಿಸಬೇಕಿತ್ತು. ಅಂದೇ ಕೊನೆಯ ದಿನ, ಚಿತ್ರ ಇನ್ನೂ ತೆಗೆದಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತ ಹೊರಗೆ ಬಂದರೆ ಮೇಸ್ತ್ರಿಯೊಬ್ಬ ಆಳುಗಳೊಂದಿಗೆ ಅದರ ಬುಡ ಅಗೆಯುತ್ತಿದ್ದಾನೆ. ಬೀದಿಯಾಚೆಯ ಖಾಲಿ ಬಯಲಿಗೆ ಅದನ್ನು ಸಾಗಿಸುತ್ತಾರಂತೆ. ಭಾವ ಬಾಯಿಯ ನೊರೆಯೊಂದಿಗೇ ಓಡಿಹೋಗಿ ಕೊಳವೆಯನ್ನು ತಬ್ಬಿಕೊಂಡ.

ಜನ ಸೇರಿದರು. ಭಾವ ಭಾಷಣಕ್ಕೆ ನಿಂತ. ಇದು ಬರೀ ಕೊಳವೆಯಲ್ಲ, ಯಾವುದೋ ಕಾರ್ಖಾನೆಯಲ್ಲಿ ದುಡಿದವರ ಬೆವರಿನ ಗುರುತು, ಇದರಲ್ಲಿ ಕಲೆ ಕಾಣದವರು ನಮ್ಮ ಅಂಗಡಿಗೆ ಬಂದು ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಲಿ ಎಂದ. ಬೀದಿಯಲ್ಲಿ ಬಟ್ಟೆ ಹೊಲಿಯುವಾಕೆ ಮೆಲ್ಲಗೆ ಅದರ ವಾಸನೆಯ ಮಾತೆತ್ತಿದಳು. ಅದು ಹಳೆಯ ಕಬ್ಬಿಣದ ವಾಸನೆ, ತಿಳಿದವರಿಗಷ್ಟೇ ಗೊತ್ತಾಗುತ್ತದೆ ಎಂದು ಅವಳ ಬಾಯಿ ಮುಚ್ಚಿಸಿದ. ಮೇಸ್ತ್ರಿ ಏನೋ ಹೇಳಲು ಬಂದಾಗ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಅವನನ್ನೂ ಗದರಿದ.

ಕೊಳವೆಗೆ ಅಂಟಿಕೊಂಡ ಮೂಲೆಮನೆಯ ನಿವೃತ್ತ ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಇದನ್ನು ತೆಗೆಸಲು ಕಚೇರಿಗೆ ಅಲೆದಲೆದು ಚಪ್ಪಲಿ ಸವೆಸಿದವರು ಅವರೇ. ಈಗ ಬಂದು ಭಾವನ ಹೆಗಲ ಮೇಲೆ ಕೈಯಿಟ್ಟರು.

"ಇಷ್ಟು ಪ್ರೀತಿ ಇಟ್ಕೊಂಡಿದೀಯ. ಅದನ್ನ ಬಯಲಲ್ಲಿ ಅನಾಥ ಮಾಡೋದು ಯಾಕಪ್ಪ? ನಿಮ್ಮನೆ ಗೋಡೆಗೇ ನಿಲ್ಲಿಸ್ಲಿ ಬಿಡು."

ಬೀದಿಗೆ ಬೀದಿಯೇ ಹೂಂ ಎಂದಿತು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಜನ ತನ್ನ ಮಾತು ಕೇಳಿದರೆಂದು ಭಾವನ ಕಣ್ಣು ತುಂಬಿ ಬಂತು. ಹೆಂಡತಿ ಬೇಡವೆಂದು ಸನ್ನೆ ಮಾಡಿದ್ದು ಆ ನೀರಿನಲ್ಲಿ ಕಾಣಲಿಲ್ಲ.

ಮಧ್ಯಾಹ್ನವಿಡೀ ಕೆಲಸ ನಡೆಯಿತು. ಮೇಲಿನ ತುಂಡು ತುಕ್ಕು ತಿಂದು ಲಡ್ಡಾಗಿದೆಯೆಂದು ಕತ್ತರಿಸಿ ಎಸೆದರು. ಉಳಿದದ್ದು ಸರಿಯಾಗಿ ಭಾವನ ಮಲಗುವ ಕೋಣೆಯ ಕಿಟಕಿಯ ಮಟ್ಟಕ್ಕೆ ಬಂದು ನಿಂತಿತು. ಬಿಸಿಲು ಹದಕ್ಕೆ ಬರುವ ಹೊತ್ತಿಗೆ ಭಾವ ಕ್ಯಾಮೆರಾ ಸ್ಟ್ಯಾಂಡು ತರಲು ಒಳಗೆ ಹೋದ. ಅದು ಮಂಚದ ಕೆಳಗೆಲ್ಲೋ ಸೇರಿಕೊಂಡಿತ್ತು. ಅರ್ಧ ಗಂಟೆ ಹುಡುಕಿ ತೆಗೆದು ಹೊರಗೆ ಬಂದರೆ ಕೊಳವೆ ಅಂಗಡಿಯಿಂದ ಆಗಷ್ಟೇ ತಂದ ಪಾತ್ರೆಯಂತೆ ಥಳಥಳಿಸುತ್ತಿತ್ತು. ತುಕ್ಕಿನ ಸುಳಿವೇ ಇಲ್ಲ. ಮೇಸ್ತ್ರಿ ಬ್ರಷ್ಷಿಗೆ ಹತ್ತಿದ ಬೆಳ್ಳಿ ಬಣ್ಣ ಒರೆಸುತ್ತಿದ್ದ.

"ಅಷ್ಟು ಪ್ರೀತಿಯಿಂದ ಉಳಿಸ್ಕೊಂಡ್ರಿ ಸಾರ್. ತುಕ್ಕಲ್ಲೇ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ."

ಭಾವ ಸ್ಟ್ಯಾಂಡು ಮಡಚಿ ಮನೆ ಮುಂದಿನ ಮೆಟ್ಟಿಲ ಮೇಲೆ ಕುಳಿತ. ಪ್ರದರ್ಶನವಂತೂ ಹೋಯಿತು. ಹೋಗಲಿ, ಕೊಳವೆಯಾದರೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡು, ಇದು ಹಿಂದೆ ಯಾವ ಕಾರ್ಖಾನೆಯಲ್ಲಿತ್ತು ಎಂದು ಕೇಳಿದ.

"ಕಾರ್ಖಾನೆ ಎಲ್ಲಿಂದ ಬಂತು ಸಾರ್. ಇದು ಚರಂಡಿ ಗಾಳಿ ಕೊಳವೆ. ಇಡೀ ಬೀದಿ ಕಕ್ಕಸಿನ ಗಾಳಿ ಹೊರಗೆ ಹೋಗೋದು ಇದ್ರಲ್ಲೇ. ಬೆಳಿಗ್ಗೆನೇ ಹೇಳೋಕೆ ಬಂದೆ, ನೀವು ಬಿಡ್ಲಿಲ್ಲ. ಈಗ ತಾನೇ ಕನೆಕ್ಷನ್ ಕೊಟ್ವಿ."

ಮೂಲೆಮನೆಯಲ್ಲಿ ಮೇಷ್ಟ್ರು ಎಷ್ಟೋ ವರ್ಷಗಳ ಮೇಲೆ ತಮ್ಮ ಕಿಟಕಿ ತೆರೆದು, ಎದೆ ತುಂಬ ಉಸಿರೆಳೆದುಕೊಂಡರು. ಇತ್ತ ಮಹಡಿಯ ಮೇಲೆ ಭಾವನ ಹೆಂಡತಿ ತಮ್ಮ ಕಿಟಕಿಯನ್ನು ದಢಾರನೆ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಕೆಳಗಿಳಿದು ಬಂದು, ಬೀದಿ ಬಾಗಿಲಿಗೂ ಒಳಗಿನಿಂದ ಚಿಲಕ ಹಾಕಿಕೊಂಡಳು.