ತಲೆಗೆ ಬಿಡುವು ಕೊಟ್ಟ ಮೇಡಮ್ಮು

ಹತ್ತಿರ ಬನ್ನಿ. ಇದನ್ನ ಜೋರಾಗಿ ಓದಬೇಡಿ, ತುಟಿ ಅಲ್ಲಾಡಿಸದೆ ಓದಿ. ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬಾರದು. ಬಿಟ್ಟರೆ ನಾನು ಹೇಳೇ ಇಲ್ಲ ಅಂದುಬಿಡ್ತೀನಿ, ಜನ ನನ್ನನ್ನೇ ನಂಬ್ತಾರೆ.

ಬೇಗೂರಿನ ಪಕ್ಕದ ನಮ್ಮೂರಲ್ಲಿ ಇಸ್ಕೂಲಿನ ಹಿಂದಿನ ಕಿಟಕಿಗೂ ನಮ್ಮನೆ ಜಗಲಿಗೂ ನಡುವೆ ಇರೋದು ಒಂದು ನುಗ್ಗೆಮರ, ಅಷ್ಟೆ. ನಾನು ಓದಿದ್ದು ಎರಡನೇ ಕ್ಲಾಸು. ಆದರೆ ಜಗಲಿ ಮೇಲೆ ಕೂತು ಸಣ್ಣೀರುಳ್ಳಿ ಜುಟ್ಟು ಕತ್ತರಿಸ್ತಾ ಕತ್ತರಿಸ್ತಾ ಐದನೇ ಕ್ಲಾಸನ್ನ ಎಷ್ಟು ಸಲ ಪಾಸು ಮಾಡಿದ್ದೀನೋ. ಇಂಥ ಜಾಗದಲ್ಲಿ ಕೂತವಳ ಕಿವಿಗೆ ದಿನಕ್ಕೊಂದು ಬೀಳದೆ ಇರುತ್ತಾ?

ಮಲಗಿದ ಕ್ಲಾಸು

ಚಾಮರಾಜನಗರದಿಂದ ಬಸ್ಸಲ್ಲಿ ಬರೋ ಹೊಸ ಮೇಡಮ್ಮು ಒಬ್ಬಳು ಬಂದಳು. ಬಂದ ವಾರದಲ್ಲೇ ಒಂದು ದಿನ ಐದನೇ ಕ್ಲಾಸಿನಿಂದ ಒಂದು ಉಸಿರೂ ಕೇಳಲಿಲ್ಲ. ಕಿಟಕೀಲಿ ಇಣುಕಿದರೆ ಮಕ್ಕಳೆಲ್ಲ ಡೆಸ್ಕಿನ ಮೇಲೆ ತಲೆ ಇಟ್ಟು ಬಿದ್ದವೆ! ಮೇಡಮ್ಮೂ ಕುರ್ಚಿಯಲ್ಲಿ ಕಣ್ಣು ಮುಚ್ಕಂಡವಳೆ! ಬಿಸಿಯೂಟದ ಸಾಂಬಾರಿಗೆ ಹಲ್ಲಿ ಬಿದ್ದದೆ ಅಂತಲೇ ನನ್ನ ಲೆಕ್ಕ. "ಅಯ್ಯೋ, ಬನ್ರಪ್ಪೋ!" ಅಂತ ಕೂಗಿದ ಕೂಗಿಗೆ ಬೀದಿ ಪೂರಾ ಓಡಿ ಬಂತು.

ಮೇಡಮ್ಮು ಎದ್ದು ನಗ್ತಾ ಹೇಳಿದಳು. "ಏನೂ ಆಗಿಲ್ಲ ಅಜ್ಜಿ. ಭಾಗಾಕಾರ ಮಾಡಿ ಮಾಡಿ ಸುಸ್ತಾಗಿದ್ರು. ತಲೆಗೆ ಒಂದು ಚೂರು ಬಿಡುವು ಕೊಟ್ಟರೆ ಆಮೇಲೆ ಪಾಠ ಹತ್ತುತ್ತೆ."

"ತಲೆಗೆ ಬುಡುವಾ? ನಮ್ ಕಾಲ್ದಲ್ಲಿ ತಲೆಗೆ ಕೊಡ್ತಿದ್ದದ್ದು ಕುಟ್ಟು ಕಣವ್ವ!" ಅಂದೆ.

ಅಷ್ಟೆಲ್ಲ ಗದ್ದಲಕ್ಕೂ ಎಚ್ಚರ ಆಗದೆ ಇದ್ದವರು ಒಬ್ಬರೇ, ಪಕ್ಕದ ಕೋಣೆಯ ಹೆಡ್‌ಮೇಷ್ಟ್ರು.

ಸೀರೆ ಹಿಂಡಿದ ಮೀಸೆ

ಆಮೇಲಾಮೇಲೆ ಬಿಡುವು ಬೆಳೀತು. ಮಕ್ಕಳ ಮುಖ ಬಾಡಿದ ತಕ್ಷಣ ಮೇಡಮ್ಮು ಸೀಮೆಸುಣ್ಣ ಕೆಳಗಿಡೋಳು. ಮಕ್ಕಳು ಎದ್ದು ನುಗ್ಗೆಕಾಯಿ ಕೀಳೋ ಹಾಗೆ ಕೈ ಚಾಚೋವು. ಆಮೇಲೆ ಬೆಳಗ್ಗೆಯಿಂದ ನೋಡಿದ್ದರಲ್ಲಿ ನಗು ಬಂದದ್ದು ಏನು ಅಂತ ಒಂದು ಮಗು ಹೇಳಬೇಕು. ನಕ್ಕು ಮತ್ತೆ ಲೆಕ್ಕಕ್ಕೆ ಕೂರೋದು. ಭಾಗಾಕಾರ ಅಂದರೆ ಜ್ವರ ಬರಿಸಿಕೊಳ್ತಿದ್ದ ನನ್ನ ಮೊಮ್ಮಗಳು ಈರುಳ್ಳಿ ಗುಡ್ಡೆ ಮಾಡಿ ನನಗೇ ಲೆಕ್ಕ ಹೇಳಿಕೊಡೋ ಹಾಗಾದಳು.

ಆದರೆ ಮಗು ಬೆಳಗ್ಗೆ ಎದ್ದು ನೋಡೋದು ಏನನ್ನ? ಮನೇನ!

ಪಕ್ಕದ ಮನೆ ಹುಡುಗಿ ಎದ್ದು, "ನಮ್ಮಪ್ಪ ನಮ್ಮವ್ವನ ಸೀರೆ ಒಗೀತಿದ್ದ ಮಿಸ್. ಯಾರೋ ಬಂದ್ರು ಅಂತ ಹಿಂಡ್ತಿದ್ದ ಸೀರೇನ ನನ್ ತಲೆ ಮೇಲೆ ಹಾಕ್ಬುಟ್ಟ" ಅಂದಳು. ಅವಳಪ್ಪ ಬದನಗುಪ್ಪೆಯ ಫ್ಯಾಕ್ಟರಿಗೆ ಹೋಗೋ ಆಳು, ಮೀಸೆ ತಿರುವದೆ ನೀರೂ ಕುಡಿಯೋನಲ್ಲ. ಇಂಥಾದ್ದನ್ನ ಹೊಟ್ಟೇಲಿ ಇಟ್ಟುಕೊಂಡರೆ ನನಗೆ ಅಜೀರ್ಣ. ಮಧ್ಯಾಹ್ನಕ್ಕೆ ನಲ್ಲಿ ಹತ್ತಿರ ಇಳಿಸಿ ಬಂದೆ. ಸಾಯಂಕಾಲ ಟೀ ಅಂಗಡೀಲಿ, "ಸೀರೆಗೆ ಗಂಜಿ ಎಷ್ಟಾಕ್ತೀಯ್ಲಾ?" ಅಂತ ಅವನನ್ನ ಕೇಳಿದರಂತೆ.

ಆ ವಾರ ನಮ್ಮ ಬೀದಿಯ ಹೆಂಗಸರೆಲ್ಲ ಗಂಡಂದಿರ ಮುಂದೆ ಬಕೆಟ್ ಇಟ್ಟರು.

ಎಮ್ಮೆ ಕೇಳಿದ ಭಾಷಣ

ಇಸ್ಕೂಲು ಸಮಿತಿಯ ಅಧ್ಯಕ್ಷರ ಮೊಮ್ಮಗ ಎದ್ದು ಹೇಳಿದ್ದು ಇನ್ನೂ ಚೆಂದ. "ನಮ್ ತಾತ ಕೊಟ್ಟಿಗೇಲಿ ಎಮ್ಮೆ ಮುಂದೆ ನಿಂತು 'ಸನ್ಮಾನ್ಯರೇ' ಅಂತ ಭಾಷಣ ಕಲೀತಿತ್ತು. ಎಮ್ಮೆ ತಿರುಕ್ಕಂಡು ಸಗಣಿ ಹಾಕ್ತು."

ಅದೂ ನಲ್ಲಿ ತನಕ ಹೋಯಿತು. ಹೆಂಗೆ ಹೋಯಿತು ಅಂತ ಕೇಳಬೇಡಿ. ಅಧ್ಯಕ್ಷರು ಕೆಂಡವಾದರು. "ಶನಿವಾರ ಮೀಟಿಂಗು! ಬುಡುವು ನಿಲ್ಲಬೇಕು, ಇಲ್ಲಾ ಆ ಮೇಡಮ್ಮು ಈ ಊರು ಬುಡಬೇಕು!"

ಅವರ ಕೋಪ ನೋಡಿ ಹೆದರದೆ ಇದ್ದದ್ದು ಆ ಎಮ್ಮೆ ಒಂದೇ.

ಶನಿವಾರದ ಮೀಟಿಂಗು

ನಾನು ಮೇಡಮ್ಮಿನ ಕಡೆ. ಅವಳು ಹೋದರೆ ಮೊಮ್ಮಗಳಿಗೆ ಮತ್ತೆ ಜ್ವರ. ನನಗೆ ಹೊತ್ತು ಹೋಗೋದಾದರೂ ಹೆಂಗೆ? ಎಲ್ಲರಿಗಿಂತ ಜೋರಾಗಿ ಕೂಗ್ತಿದ್ದವಳು ಪಕ್ಕದ ಮನೆಯವಳು, ಅದೇ ಸೀರೆಯವಳು. "ಮನೆ ಮಾತು ಬೀದಿಗೆ ಬತ್ತಾ ಅದೆ! ನಿಲ್ಸಿ ಮೊದ್ಲು!"

ಮೇಡಮ್ಮಿನ ಮುಖ ಇಷ್ಟಾಗಿತ್ತು. "ಒಂದು ಸಲ ಕೂತು ನೋಡಿ. ಆಮೇಲೆ ನೀವು ಹೇಳಿದ ಹಾಗೆ ಆಗಲಿ" ಅಂದಳು. ಬೋರ್ಡಿನ ತುಂಬ ಭಾಗಾಕಾರ ಬರೆದಳು. ಮಕ್ಕಳಿಗಿಂತ ಮುಂಚೆ ಅಪ್ಪ ಅವ್ವಂದಿರು ತೂಕಡಿಸಿದರು. ಅಧ್ಯಕ್ಷರಿಗಂತೂ ಗೊರಕೆ. ಮೇಡಮ್ಮು ಚಪ್ಪಾಳೆ ತಟ್ಟಿದಳು, ಎಲ್ಲರೂ ಎದ್ದು ಕೈ ಚಾಚಿದೆವು. ಚಾಚಿದ ಮೇಲೆ ಅಧ್ಯಕ್ಷರೇ "ಆಹಾ" ಅಂದುಬಿಟ್ಟರು.

"ಈಗ ನಗು ಬಂದದ್ದು ಯಾರು ಹೇಳ್ತೀರಾ?"

ಅಪ್ಪಂದಿರೆಲ್ಲ ನೆಲ ನೋಡಿದರು. ನಾನೊಬ್ಬಳು ತಲೆ ಎತ್ತಿ ಕೂತಿದ್ದೆ. ನನ್ನದು ಶನಿವಾರದ ಗಟ್ಟಿ ಉಪವಾಸ, ಊರಿಗೇ ಗೊತ್ತು. ವಾರ ವಾರ ಪಕ್ಕದ ಮನೆಯವಳು ಬಾಳೆಹಣ್ಣು, ಹಾಲು ತಂದಿಟ್ಟು ನನ್ನ ಕಾಲಿಗೆ ಬಿದ್ದು ಹೋಗ್ತಾಳೆ.

ಎದ್ದವಳು ನನ್ನ ಮೊಮ್ಮಗಳು.

"ನಮ್ಮಜ್ಜಿ ಇವತ್ ಉಪ್ವಾಸ ಮಿಸ್. ಬೆಳಗ್ಗೆ ರಾಗಿ ಡ್ರಮ್ಮಿನ ಹಿಂದೆ ಕೂತ್ಕಂಡು ಸುಟ್ಟ ಒಣಮೀನು ತಿಂತಿತ್ತು. ನನ್ನ ನೋಡ್ಬುಟ್ಟು, ಬಾಯ್ ತುಂಬ ಮೀನಿಟ್ಕಂಡೇ 'ಗೋವಿಂದ' ಅಂತು."

ಇಸ್ಕೂಲಿನ ಹೆಂಚು ಹಾರೋ ಹಾಗೆ ನಗು. ಅಧ್ಯಕ್ಷರು ಕಣ್ಣೀರು ಒರೆಸ್ಕೊಂಡು, "ಬುಡುವು ಇರ್ಲಿ ಮೇಡಂ! ನಿಲ್ಸಿದ್ರೆ ನಾನೇ ಸುಮ್ನಿರೋನಲ್ಲ!" ಅಂದರು. "ಸುಳ್ಳು ಕಣ್ರಪ್ಪಾ, ಮಗು ನೋಡಿದ್ದು ಬದನೆಕಾಯಿ!" ಅಂದೆ. ಯಾರು ಕೇಳ್ತಾರೆ?

ಪಕ್ಕದ ಮನೆಯವಳು ಎದ್ದು ಸೀದಾ ನನ್ನ ಹತ್ತಿರ ಬಂದಳು. ಬಾಳೆಹಣ್ಣು, ಹಾಲು ಎಲ್ಲದರ ಸಿಟ್ಟು ಒಟ್ಟಿಗೆ ತೀರಿಸ್ತಾಳೆ ಅಂತ ಸೆರಗು ಬಿಗಿ ಮಾಡ್ಕೊಂಡೆ. ಅವಳು ಮುಖಕ್ಕೆ ಮುಖ ಕೊಟ್ಟು ಅಂದಳು:

"ನಂದೂ ಶನಿವಾರ ಉಪ್ವಾಸ ಕಣಜ್ಜಿ. ಬರೋ ವಾರದಿಂದ ಬಾಳೆಹಣ್ಣಲ್ಲ, ಬಿಸಿ ಮುದ್ದೆ ತತ್ತೀನಿ. ಡ್ರಮ್ಮಿನ ಹಿಂದೆ ಒಂಚೂರು ಜರುಗು."